ಚಿತ್ರಗಳ ಸುತ್ತು: ಕುಂಚಾವರಂ ಕಾಡಿನ ಮೇಲಿಂದ ಒಂದು ಸಮೀಕ್ಷೆ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡು ಎಲೆ ಉದುರಿಸುವ ಒಣ ಕಾಡು. ಮುಂಗಾರು ಹಿಡಿದ ಮೇಲೆ ಅಕ್ಟೋಬರ್‌ವರೆಗೆ ದಟ್ಟ ಹಸಿರಾಗಿರುವ ಗುಡ್ಡಗಳು ಏಪ್ರಿಲ್ ಹೊತ್ತಿಗೆ ಬೋಳಾಗಿ ಮಣ್ಣಿನ ಬಣ್ಣಕ್ಕೆ ತಿರುಗುತ್ತವೆ. ಕೆಳಗಿನ ಎರೆಹೊಲಗಳಲ್ಲಿ ತೊಗರಿ ಡಿಸೆಂಬರ್‌ವರೆಗೂ ನಿಂತಿರುತ್ತದೆ. ರಾಶಿಯಾದ ಮೇಲೆ ನೆಲ ಕಪ್ಪಗೆ ತೆರೆದುಕೊಳ್ಳುತ್ತದೆ. ಚಂದ್ರಂಪಳ್ಳಿ ಜಲಾಶಯದ ನೀರು ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ. ಉಪಗ್ರಹ ತೆಗೆದ ಚಿತ್ರಗಳಲ್ಲಿ ತಿಂಗಳಿಗೊಂದನ್ನು ಆರಿಸಿ, ಹನ್ನೆರಡನ್ನೂ ಅರ್ಧರ್ಧ ಸೆಕೆಂಡಿಗೆ ಒಂದರಂತೆ ಪರದೆಗೆ ತಂದು, ಡಿಸೆಂಬರ್ ಮುಗಿದ ಕೂಡಲೇ ಜನವರಿಗೆ ಮರಳುವಂತೆ ಮಾಡಿದರೆ ಈ ಇಡೀ ಋತುಚಕ್ರ ಆರು ಸೆಕೆಂಡಿನಲ್ಲಿ ಕಣ್ಣಿಗೆ ಬೀಳುತ್ತದೆ. ಚಿಂಚೋಳಿ ಸೀಮೆಯ ಶಾಲೆಯೊಂದಕ್ಕೆ ಇದಕ್ಕಿಂತ ಒಳ್ಳೆಯ ಭೂಗೋಳ ಪಾಠ ನನಗೆ ಗೊತ್ತಿಲ್ಲ.

ಚಿತ್ರಗಳ ಕಡತಗಳನ್ನು ಹೀಗೆ ಕೋಡ್ ಬರೆದು ಸುತ್ತು ಹಾಕಿಸುವುದು ಹೇಗೆ? ಪ್ರೋಗ್ರಾಮಿಂಗ್ ಕಲಿಯಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. ನಾಲ್ಕೈದು ಸಾಲಿನ ಉತ್ತರವೂ ಸಿಗುತ್ತದೆ. ಆ ಸಾಲುಗಳು ಸರಿಯಾಗಿಯೇ ಇರುತ್ತವೆ. ತೊಂದರೆ ಇರುವುದು ಅವುಗಳ ಸುತ್ತಮುತ್ತ. ಸರದಿ ತಪ್ಪಿದರೆ, ಎರಡು ಚಿತ್ರಗಳ ನಡುವಿನ ಕಾಲ ಮರೆಯಾದರೆ, ಬಣ್ಣದ ಅಳತೆ ಚಿತ್ರದಿಂದ ಚಿತ್ರಕ್ಕೆ ಬದಲಾದರೆ, ಪರದೆಯ ಮೇಲೆ ಓಡುವುದು ಕಾಡಿನ ಕಥೆಯಾಗಿ ಉಳಿಯುವುದಿಲ್ಲ. ನಿಂತ ಚಿತ್ರವನ್ನು ಅನುಮಾನದಿಂದ ನೋಡುವವರೂ ಓಡುವ ಚಿತ್ರವನ್ನು ಬೇಗ ನಂಬುತ್ತಾರೆ. ಆದ್ದರಿಂದ ಸುತ್ತು ಕಟ್ಟುವವರ ಹೊಣೆ ಹೆಚ್ಚು. ಈ ಸಮೀಕ್ಷೆಯ ತಿರುಳು ಅದೇ.

ಮೊದಲು ಸುತ್ತಿನ ಯಂತ್ರ. ಪ್ರೋಗ್ರಾಂ ಒಂದು ಫೋಲ್ಡರಿನಲ್ಲಿರುವ ಕಡತಗಳ ಪಟ್ಟಿ ಮಾಡುತ್ತದೆ, ಪಟ್ಟಿಯನ್ನು ಸರದಿಗೆ ತರುತ್ತದೆ, ಒಂದು ಎಣಿಕೆಯನ್ನು ಸೊನ್ನೆಯಲ್ಲಿಟ್ಟು ಆ ಸಂಖ್ಯೆಯ ಚಿತ್ರ ತೋರಿಸುತ್ತದೆ, ಸ್ವಲ್ಪ ತಡೆದು ಎಣಿಕೆಗೆ ಒಂದು ಕೂಡಿಸುತ್ತದೆ. ಕೂಡಿಸಿ ಬಂದದ್ದನ್ನು ಚಿತ್ರಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡರೆ ಸುತ್ತು ತಾನಾಗಿಯೇ ಆಗುತ್ತದೆ. 12 ಚಿತ್ರಗಳಿಗೆ ಎಣಿಕೆ 0ಯಿಂದ 11ರವರೆಗೆ ಹೋಗುತ್ತದೆ; 12ನ್ನು 12ರಿಂದ ಭಾಗಿಸಿದರೆ ಶೇಷ 0, ಅಂದರೆ ಮತ್ತೆ ಜನವರಿ. ಕೊನೆ ಮುಟ್ಟಿತೇ ಎಂದು ಬೇರೆಯಾಗಿ ಕೇಳುವ ಸಾಲು ಬೇಕಿಲ್ಲ. ಹಾಗೆ ಕೇಳಲು ಹೋದವರು ಹಲವು ಸಲ ಒಂದು ಚಿತ್ರ ಹೆಚ್ಚಿಗೆ ಎಣಿಸಿ ಪ್ರೋಗ್ರಾಂ ಕೆಡಿಸುತ್ತಾರೆ, ಇಲ್ಲವೇ ಡಿಸೆಂಬರ್ ಅನ್ನೇ ಬಿಟ್ಟುಬಿಡುತ್ತಾರೆ.

‘ಸ್ವಲ್ಪ ತಡೆದು’ ಎಂಬಲ್ಲಿ ಹೊಸಬರು ಎಡವುತ್ತಾರೆ. ಪೈಥಾನ್ ಭಾಷೆಯ ಜೊತೆಗೇ ಬರುವ ಟಿಕಿಂಟರ್‌ನಲ್ಲಿ ಕಿಟಕಿ ತೆರೆದು, ಚಿತ್ರ ಹಾಕಿ, ‘ಸ್ಲೀಪ್’ ಎಂದು ಅರ್ಧ ಸೆಕೆಂಡು ಮಲಗಿಸಿದರೆ ಇಡೀ ಕಿಟಕಿಯೇ ಮಲಗುತ್ತದೆ. ಗುಂಡಿ ಒತ್ತಿದರೂ ಓಗೊಡುವುದಿಲ್ಲ. ಅಲ್ಲಿ ‘ಆಫ್ಟರ್’ ಎಂಬ ಆಜ್ಞೆ ಬಳಸಬೇಕು: ಇಷ್ಟು ಹೊತ್ತಾದ ಮೇಲೆ ಈ ಕೆಲಸಕ್ಕೆ ನನ್ನನ್ನು ಕರೆ ಎಂದು ಕಿಟಕಿಗೆ ಹೇಳಿಟ್ಟು ಹೊರಬರುವುದು. ಟಿಕಿಂಟರ್‌ನದೇ ಇನ್ನೊಂದು ಮೋಸ, ತೋರಿಸುತ್ತಿರುವ ಚಿತ್ರವನ್ನು ಪ್ರೋಗ್ರಾಂ ಒಂದು ಹೆಸರಿನಲ್ಲಿ ಹಿಡಿದಿಟ್ಟುಕೊಳ್ಳದಿದ್ದರೆ ಪೈಥಾನ್ ಅದನ್ನು ಕಸವೆಂದು ಗುಡಿಸಿಬಿಡುತ್ತದೆ. ಯಾವ ತಪ್ಪನ್ನೂ ತೋರಿಸದೆ ಖಾಲಿ ಕಿಟಕಿ ನಿಂತಿರುತ್ತದೆ. ಚಿತ್ರಗಳ ಕೆಲಸಕ್ಕೆಂದೇ ಇರುವ ಓಪನ್‌ಸಿವಿ ಸಂಗ್ರಹದಲ್ಲಿ ‘ವೇಟ್‌ಕೀ’ ಎಂಬ ಸಾಲೇ ತಡೆಯುವ ಕೆಲಸವನ್ನೂ ಬಿಡಿಸುವ ಕೆಲಸವನ್ನೂ ಮಾಡುತ್ತದೆ. ಅದನ್ನು ಮರೆತರೆ ಪರದೆಗೆ ಏನೂ ಬರುವುದಿಲ್ಲ.

ಈಗ ಸರದಿಗೆ ಬರೋಣ. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಕೆಡುವ ಜಾಗ ಇದು.

ಕಂಪ್ಯೂಟರ್ ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಚಿತ್ರ1, ಚಿತ್ರ2 ಎಂದು ಚಿತ್ರ12ರವರೆಗೆ ಹೆಸರಿಟ್ಟರೆ ಸರದಿಯಲ್ಲಿ 1ರ ಬೆನ್ನಿಗೆ 10, 11, 12 ಬರುತ್ತವೆ, ಆಮೇಲೆ 2. ಜನವರಿಯ ಹಿಂದೆಯೇ ಅಕ್ಟೋಬರ್ ಬಂದಂತಾಯಿತು. ಬೋಳು ಹೊಲದ ಪಕ್ಕದಲ್ಲೇ ಹಸಿರು ಗುಡ್ಡ ಚಿಮ್ಮಿ ಮತ್ತೆ ಒಣಗಿದಂತೆ ಕಾಣುತ್ತದೆ. ಅಂಕಿಯ ಮೊದಲಿಗೆ ಸೊನ್ನೆ ಸೇರಿಸಿ 01, 02 ಎಂದು ಬರೆದರೆ ಈ ಕಾಟ ತಪ್ಪುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಪಾಠ. ಇದಕ್ಕಿಂತ ಸೂಕ್ಷ್ಮವಾದವು ನಿಜವಾದ ಉಪಗ್ರಹ ಕಡತಗಳಲ್ಲಿವೆ.

ಯುರೋಪಿನ ಸೆಂಟಿನೆಲ್-2 ಸರಣಿಯ ಮೊದಲ ಉಪಗ್ರಹ 2015ರ ಜೂನ್‌ನಲ್ಲಿ, ಎರಡನೆಯದು 2017ರ ಮಾರ್ಚ್‌ನಲ್ಲಿ ಹಾರಿತು. ಮೂರನೆಯದು 2024ರಲ್ಲಿ ಹಾರಿತು. ಎರಡು ಉಪಗ್ರಹ ಕೂಡಿ ಐದು ದಿನಕ್ಕೊಮ್ಮೆ ಒಂದೇ ನೆಲದ ಮೇಲೆ ಹಾಯುತ್ತವೆ. ಚಿತ್ರದ ಒಂದು ಚುಕ್ಕಿ (ಪಿಕ್ಸೆಲ್) ಎಂದರೆ 10 ಮೀಟರ್ ಅಗಲದ ನೆಲ. ಚಿತ್ರಗಳು ಯಾರಿಗಾದರೂ ಉಚಿತ. ಆದರೆ ಕಡತದ ಹೆಸರು ಶುರುವಾಗುವುದು ಉಪಗ್ರಹದ ಗುರುತಿನಿಂದ, ‘ಎಸ್2ಎ’, ‘ಎಸ್2ಬಿ’ ಹೀಗೆ. ದಿನಾಂಕ ಆಮೇಲೆ ಬರುತ್ತದೆ. ಹೆಸರಿನ ಪ್ರಕಾರ ಸರದಿ ಹಚ್ಚಿದರೆ ಮೊದಲ ಉಪಗ್ರಹದ ಇಡೀ ವರ್ಷ ಓಡಿ, ಬಳಿಕ ಎರಡನೆಯದರ ಇಡೀ ವರ್ಷ ಓಡುತ್ತದೆ. ನೋಡುವವರಿಗೆ ಕುಂಚಾವರಂ ಕಾಡು ವರ್ಷಕ್ಕೆರಡು ಸಲ ಚಿಗುರಿದಂತೆ ಕಾಣುತ್ತದೆ. ಓಟ ನುಣುಪಾಗಿಯೇ ಇರುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ.

ನಮ್ಮದೇ ಇನ್ಸಾಟ್-3ಡಿ ಕಡತಗಳಲ್ಲಿ ಬೇರೆ ಬಗೆ. 2013ರ ಜುಲೈನಲ್ಲಿ ಹಾರಿದ ಈ ಉಪಗ್ರಹ ಅರ್ಧ ಗಂಟೆಗೊಂದು ಮೋಡದ ಚಿತ್ರ ಕೊಡುತ್ತಿತ್ತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಮಾಸ್ಡ್ಯಾಕ್ ಭಂಡಾರದಲ್ಲಿ ಕಡತದ ಹೆಸರು ದಿನ ಮೊದಲು, ತಿಂಗಳ ಇಂಗ್ಲಿಷ್ ಮೂರಕ್ಷರ ಆಮೇಲೆ, ವರ್ಷ ಕೊನೆಗೆ ಎಂಬಂತೆ ಇರುತ್ತದೆ. ಒಂದೇ ತಿಂಗಳ ಕಡತಗಳಾದರೆ ಸರಿ. ತಿಂಗಳು ದಾಟಿತೋ, ನವೆಂಬರ್ 1 ಬಂದು ಅಕ್ಟೋಬರ್ 30ಕ್ಕಿಂತ ಮೊದಲೇ ಕೂರುತ್ತದೆ. ಅಲ್ಲಿನ ಗಂಟೆ ಗ್ರೀನಿಚ್ ಗಂಟೆ. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಕೂಡಿಸದಿದ್ದರೆ ರಾತ್ರಿಯ ಸಿಡಿಲಮಳೆ ಸಂಜೆಗೇ ಸುರಿದಂತೆ ಬರೆದುಕೊಂಡುಬಿಡುತ್ತೇವೆ.

ಕಡತವನ್ನು ಕೊನೆಯ ಬಾರಿ ಬದಲಿಸಿದ ದಿನಾಂಕದ ಮೇಲೆ ಸರದಿ ಹಚ್ಚಬಾರದೇ ಎಂದು ಕೆಲವರು ಕೇಳುತ್ತಾರೆ. ಹಚ್ಚಲೇಬಾರದು. ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ, ಇಂಟರ್ನೆಟ್‌ನಿಂದ ಕಂಪ್ಯೂಟರ್‌ಗೆ ಹೋಗುವಾಗ ಆ ದಿನಾಂಕ ಏನು ಬೇಕಾದರೂ ಆಗಬಹುದು. ಕ್ಯಾಮೆರಾ ತಾನು ಕ್ಲಿಕ್ಕಿಸಿದ ಹೊತ್ತನ್ನು ಚಿತ್ರದ ಒಳಗೇ ಬರೆದಿಡುತ್ತದೆ, ಅದು ಹೆಚ್ಚು ನಂಬಿಕಸ್ಥ. ಆದರೆ ವಾಟ್ಸಾಪ್‌ನಲ್ಲಿ ಫೋಟೊ ಎಂದೇ ಕಳಿಸಿದರೆ ಒಳಗಿನ ಆ ಬರಹ ಅಳಿದುಹೋಗುತ್ತದೆ, ಕಡತಕ್ಕೆ ಹೊಸ ಹೆಸರು ಬೀಳುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮಾತ್ರ ಇದ್ದದ್ದು ಇದ್ದಂತೆ ಮುಟ್ಟುತ್ತದೆ. ಹೊಲದ, ಕೆರೆಯ, ಕಾಡಿನ ಫೋಟೊಗಳನ್ನು ಒಬ್ಬರಿಂದ ಒಬ್ಬರು ಕೂಡಿಹಾಕುವಾಗ ಇದೊಂದನ್ನು ನೆನಪಿಟ್ಟರೆ ಎಷ್ಟೋ ದಾಖಲೆ ಉಳಿಯುತ್ತದೆ. ಎಲ್ಲಕ್ಕಿಂತ ಗಟ್ಟಿ ದಾರಿ, ಸುತ್ತು ಕಟ್ಟುವ ಮುನ್ನವೇ ಪ್ರತಿ ಕಡತಕ್ಕೂ ವರ್ಷ, ತಿಂಗಳು, ದಿನ, ಗಂಟೆ ಎಂಬ ಕ್ರಮದಲ್ಲಿ ಅಂಕಿಯ ಹೆಸರಿಡುವುದು. ಆಗ ಅಕ್ಷರದ ಸರದಿಯೂ ಕಾಲದ ಸರದಿಯೂ ಒಂದೇ ಆಗುತ್ತವೆ.

ಯಾವ ಸಾಧನ ಒಳ್ಳೆಯದು ಎಂಬ ಪ್ರಶ್ನೆಗೆ ಕನ್ನಡದವರ ಉತ್ತರ ಸ್ವಲ್ಪ ಬೇರೆಯೇ ಇರಬೇಕಾಗುತ್ತದೆ. ಫೋಲ್ಡರಿಗೆ ‘ಕುಂಚಾವರಂ’ ಎಂದು ಕನ್ನಡದಲ್ಲೇ ಹೆಸರಿಟ್ಟು, ವಿಂಡೋಸ್ ಕಂಪ್ಯೂಟರಿನಲ್ಲಿ ಓಪನ್‌ಸಿವಿಯಿಂದ ಚಿತ್ರ ಓದಿಸಿ ನೋಡಿ. ಓದುವ ಸಾಲು ಪ್ರೋಗ್ರಾಂ ನಿಲ್ಲಿಸದೆ ಖಾಲಿ ಕೈಯಲ್ಲಿ ಮರಳುತ್ತದೆ. ಮುಂದಿನ ಸಾಲಿನಲ್ಲಿ ಪ್ರೋಗ್ರಾಂ ಬೀಳುತ್ತದೆ. ತಪ್ಪು ತಮ್ಮದೆಂದುಕೊಂಡು ವಿದ್ಯಾರ್ಥಿಗಳು ತಲೆ ಕೆಡಿಸಿಕೊಳ್ಳುತ್ತಾರೆ. ಕಡತವನ್ನು ಮೊದಲು ಬೈಟ್‌ಗಳಾಗಿ ಓದಿ ಆಮೇಲೆ ಚಿತ್ರವಾಗಿ ಬಿಡಿಸಿಕೊಂಡರೆ ಕೆಲಸ ಆಗುತ್ತದೆ. ಚಿತ್ರದ ಮೇಲೆ ತಿಂಗಳ ಹೆಸರು ಬರೆಯಲು ಹೋದರೆ ಮತ್ತೊಂದು ಗೋಡೆ: ಓಪನ್‌ಸಿವಿಯ ಸಾಮಾನ್ಯ ಬರಹದ ಆಜ್ಞೆಗೆ ಕನ್ನಡ ಬಾರದು, ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ಬೀಳುತ್ತವೆ. ಪಿಲ್ಲೊ ಎಂಬ ಪೈಥಾನ್ ಸಂಗ್ರಹಕ್ಕೆ ಕನ್ನಡ ಫಾಂಟ್ ಕೊಡಬಹುದು. ಆದರೆ ಅಕ್ಷರ ಜೋಡಿಸುವ ರಾಕ್ಮ್ ಎಂಬ ಭಾಗ ಜೊತೆಗಿಲ್ಲದಿದ್ದರೆ ‘ಅಕ್ಟೋಬರ್’ನ ಒತ್ತಕ್ಷರ ಬಿಚ್ಚಿ ಚೂರುಚೂರಾಗುತ್ತದೆ.

ಬ್ರೌಸರ್‌ಗೆ ಈ ಯಾವ ಕಾಟವೂ ಇಲ್ಲ. ಒಂದು ಸಣ್ಣ ಎಚ್‌ಟಿಎಂಎಲ್ ಪುಟ, ಅದರಲ್ಲೊಂದು ಚಿತ್ರದ ಜಾಗ, ಕೆಳಗೆ ದಿನಾಂಕದ ಸಾಲು, ಹತ್ತು ಸಾಲಿನ ಜಾವಾಸ್ಕ್ರಿಪ್ಟ್. ಕನ್ನಡ ಅಚ್ಚುಕಟ್ಟಾಗಿ ಬರುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಇಂಟರ್ನೆಟ್ ಇಲ್ಲದ ಕೋಣೆಯಲ್ಲೂ ಫೋಲ್ಡರಿನಿಂದ ನೇರ ತೆರೆಯುತ್ತದೆ. ಚಿತ್ರಗಳನ್ನೆಲ್ಲ ಮೊದಲೇ ಓದಿಸಿಟ್ಟುಕೊಂಡು ಆಮೇಲೆ ಸುತ್ತು ಶುರು ಮಾಡಬೇಕು, ಇಲ್ಲದಿದ್ದರೆ ಮೊದಲ ಸುತ್ತಿನಲ್ಲಿ ಬಿಳಿ ಪರದೆ ಮಿಂಚುತ್ತದೆ. ಶಾಲೆ, ಗ್ರಂಥಾಲಯ, ಅರಣ್ಯ ಇಲಾಖೆಯ ಮಾಹಿತಿ ಕೇಂದ್ರ, ಎಲ್ಲೆಡೆಗೂ ನಾನು ಇದನ್ನೇ ಶಿಫಾರಸು ಮಾಡುತ್ತೇನೆ. 1987ರಲ್ಲಿ ಹುಟ್ಟಿದ ಜಿಫ್ ಕಡತ ಕಳಿಸಲು ಸುಲಭ, ಸುತ್ತುವ ಗುಣವೂ ಅದಕ್ಕಿದೆ. ಆದರೆ ಒಂದು ಚೌಕಟ್ಟಿಗೆ 256 ಬಣ್ಣವಷ್ಟೇ. ಒಣ ಕಾಡಿನ ಹತ್ತಾರು ಹಸಿರು-ಕಂದುಗಳು ಅದರಲ್ಲಿ ತೇಪೆ ತೇಪೆಯಾಗುತ್ತವೆ. ವಿಡಿಯೊ ಮಾಡಬೇಕೆಂದರೆ ಎಫ್‌ಎಫ್‌ಎಂಪೆಗ್ ಇದೆ. ಅಂಕಿಯ ಸರದಿಯಲ್ಲಿ ಕಡತ ಕೊಟ್ಟಾಗ ನಡುವೆ ಒಂದು ಸಂಖ್ಯೆ ಇಲ್ಲದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ ಎಂಬುದೊಂದು ಗೊತ್ತಿರಲಿ.

ಕಂಪ್ಯೂಟರಿನ ನೆನಪಿನ (ಮೆಮರಿ) ಲೆಕ್ಕವನ್ನೂ ಇಲ್ಲೇ ಮುಗಿಸುತ್ತೇನೆ. 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರದ ಚಿತ್ರ ಡಿಸ್ಕಿನಲ್ಲಿ ನಾಲ್ಕೈದು ಎಂಬಿ ಇರಬಹುದು. ಬಿಡಿಸಿದಾಗ ಚುಕ್ಕಿಗೆ ಮೂರು ಬೈಟಿನಂತೆ 36 ಎಂಬಿ ಆಗುತ್ತದೆ. ಅಂಥ ನೂರು ಚಿತ್ರ ಒಟ್ಟಿಗೆ ಹಿಡಿದರೆ 3.6 ಜಿಬಿ. ನಾಲ್ಕು ಜಿಬಿಯ ಕಂಪ್ಯೂಟರ್ ಅಲ್ಲೇ ಕೂರುತ್ತದೆ. 1280 ಅಗಲಕ್ಕೆ ಇಳಿಸಿದರೆ ನೂರಕ್ಕೂ 370 ಎಂಬಿ ಸಾಕು. ಸೆಂಟಿನೆಲ್-2ರ ಒಂದು ಪೂರ್ಣ ಹಾಳೆ 10,980 ಚುಕ್ಕಿ ಅಗಲ, ಅಷ್ಟೇ ಎತ್ತರ. ಅದರಿಂದ ಬೇಕಾದ ತುಂಡನ್ನು ಪ್ರತಿ ಸಲವೂ ಅದೇ ಅಂಚಿಗೆ ಕತ್ತರಿಸಿಕೊಳ್ಳಬೇಕು. ಒಂದು ಚುಕ್ಕಿ ಆಚೀಚೆಯಾದರೂ ಗುಡ್ಡವೇ ನಡುಗಿದಂತೆ ಕಾಣುತ್ತದೆ.

ಬಣ್ಣದ ವಿಷಯದಲ್ಲಿ ಸುಳ್ಳು ಹೇಗೆ ನುಸುಳುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಹತ್ತಿರದಿಂದ ನೋಡೋಣ. ಉಪಗ್ರಹದ ಸಂಖ್ಯೆಗಳನ್ನು ಪರದೆಯ ಬಣ್ಣಕ್ಕೆ ಇಳಿಸುವಾಗ ಹೆಚ್ಚಿನ ತಂತ್ರಾಂಶಗಳು ಆಯಾ ಚಿತ್ರದ ಅತಿ ಕಪ್ಪು, ಅತಿ ಬಿಳಿ ಭಾಗಗಳನ್ನು ಹುಡುಕಿ ಅವುಗಳ ನಡುವೆ ಬಣ್ಣ ಹರಡುತ್ತವೆ. ಒಂದೇ ಚಿತ್ರ ನೋಡುವಾಗ ಇದರಿಂದ ಕಣ್ಣಿಗೆ ಹಿತ. ಸುತ್ತಿನಲ್ಲಿ ಇದು ಅಪಾಯ: ಏಪ್ರಿಲ್‌ನ ಬೋಳು ಕಾಡಿಗೂ ಸೆಪ್ಟೆಂಬರ್‌ನ ತುಂಬು ಕಾಡಿಗೂ ಬೇರೆ ಬೇರೆ ಅಳತೆಗೋಲು ಹಿಡಿದಂತಾಗಿ ಎರಡರ ನಡುವಿನ ಅಂತರ ಕರಗುತ್ತದೆ. ಒಂದು ಮೂಲೆಯಲ್ಲಿ ಮೋಡದ ತುಂಡೊಂದು ಬಂದರೆ ಸಾಕು, ಇಡೀ ಕಾಡು ಕಪ್ಪಿಟ್ಟುಬಿಡುತ್ತದೆ. ಹನ್ನೆರಡು ಚಿತ್ರಕ್ಕೂ ಒಂದೇ ಕನಿಷ್ಠ, ಒಂದೇ ಗರಿಷ್ಠ ಕಟ್ಟಿಕೊಡಬೇಕು. ಇಷ್ಟು ಮಾಡಿದರೂ ಒಂದು ಗುಂಡಿ ಉಳಿದಿದೆ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಸಂಖ್ಯೆಗಳಿಗೆ 1000ವನ್ನು ಕೂಡಿಸಿ ಕೊಡುವ ಪದ್ಧತಿ ಬಂತು. ಅದನ್ನು ಕಳೆಯದೆ 2021ರ ಚಿತ್ರಗಳ ಮುಂದೆ 2022ರವನ್ನು ಜೋಡಿಸಿದರೆ ಒಂದೇ ದಿನದಲ್ಲಿ ಜಿಲ್ಲೆಯ ಕಾಡೆಲ್ಲ ಮಂಕು ಬಿಳುಪಾದಂತೆ ಕಾಣುತ್ತದೆ. ಕಾಡಿನಲ್ಲಿ ಏನೂ ಆಗಿರುವುದಿಲ್ಲ. ಲ್ಯಾಂಡ್‌ಸ್ಯಾಟ್-7ರಲ್ಲಿ 2003ರ ಮೇ 31ರಂದು ಒಂದು ಭಾಗ ಕೆಟ್ಟು ಅಲ್ಲಿಂದಾಚೆಯ ಚಿತ್ರಗಳಲ್ಲಿ ಕಪ್ಪು ಪಟ್ಟಿಗಳಿವೆ. ಅದು ಕಣ್ಣಿಗೆ ಕಾಣುವ ಊನವಾದ್ದರಿಂದ ಯಾರನ್ನೂ ದಾರಿ ತಪ್ಪಿಸುವುದಿಲ್ಲ.

ಕಾಲದ ಅಂತರ ಇನ್ನೂ ಕಷ್ಟದ ಮಾತು. ಸೆಂಟಿನೆಲ್-2ರಿಂದ ಐದು ದಿನಕ್ಕೊಂದರಂತೆ ವರ್ಷಕ್ಕೆ ಎಪ್ಪತ್ಮೂರು ಚಿತ್ರ ಲೆಕ್ಕಕ್ಕೆ ಸಿಗುತ್ತವೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಚಾವರಂ ಮೇಲೆ ಹೆಚ್ಚಾಗಿ ಮೋಡ. ಕಾಡು ಚಿಗುರುವ ಹೆಚ್ಚಿನ ದಿನಗಳೇ ಚಿತ್ರದಲ್ಲಿ ಇರುವುದಿಲ್ಲ. ಇದ್ದ ಚಿತ್ರಗಳನ್ನಷ್ಟೇ ಸಮ ಅಂತರದಲ್ಲಿ ಓಡಿಸಿದರೆ ಬೇಸಿಗೆ ಉದ್ದವಾಗಿ ಎಳೆದು, ಮಳೆಗಾಲ ಎರಡು ಹೊಡೆತದಲ್ಲಿ ಮುಗಿಯುತ್ತದೆ. ಇದಕ್ಕೆ ಎರಡು ಪರಿಹಾರ. ಒಂದು, ಪ್ರತಿ ಚಿತ್ರ ಪರದೆಯ ಮೇಲೆ ನಿಲ್ಲುವ ಹೊತ್ತನ್ನು ಮುಂದಿನ ಚಿತ್ರದವರೆಗಿನ ದಿನಗಳಿಗೆ ತಕ್ಕಂತೆ ಕೊಡುವುದು. ಕೋಡ್‌ನಲ್ಲಿ ಒಂದು ಕಳೆಯುವ ಲೆಕ್ಕ, ಒಂದು ಗುಣಾಕಾರ. ಇನ್ನೊಂದು, ತಿಂಗಳ ಎಲ್ಲ ಚಿತ್ರಗಳಿಂದ ಚುಕ್ಕಿ ಚುಕ್ಕಿಗೂ ನಡುವಿನ ಬೆಲೆ ಆಯ್ದು ಮೋಡವಿಲ್ಲದ ಒಂದು ಕೂಡುಚಿತ್ರ ಮಾಡುವುದು. ಎರಡನೆಯದು ಚೆಂದ ಕಾಣುತ್ತದೆ, ಆದರೆ ಅಪರೂಪದ್ದನ್ನು ಅದು ನುಂಗುತ್ತದೆ. 2020ರ ಅಕ್ಟೋಬರ್ ಇದಕ್ಕೆ ಸಾಕ್ಷಿ. ಆ ತಿಂಗಳ 13ರಂದು ಕಾಕಿನಾಡ ಬಳಿ ದಡ ಹತ್ತಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಕಡೆ ಬಂತು. ಕಾಗಿಣಾ ನದಿ ಉಕ್ಕಿತು, ಭೀಮಾ ಉಕ್ಕಿತು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ದಂಡೆಗೆ ನೀರು ಏರಿತು. ಇನ್ಸಾಟ್‌ನ ಅರ್ಧಗಂಟೆಯ ಚಿತ್ರಗಳನ್ನು ಸುತ್ತು ಹಾಕಿಸಿದರೆ ಬಂಗಾಳ ಕೊಲ್ಲಿಯಿಂದ ಹೊರಟ ಮೋಡದ ಚಕ್ರ ಹೈದರಾಬಾದ್ ಮೇಲೆ ಹಾದು ಕಲಬುರಗಿಯತ್ತ ಸರಿಯುವುದು ಹೆಜ್ಜೆ ಹೆಜ್ಜೆಗೂ ತಿಳಿಯುತ್ತದೆ. ಅದೇ ತಿಂಗಳ ನಡುವಿನ ಬೆಲೆಯ ಕೂಡುಚಿತ್ರದಲ್ಲಿ ನೆರೆ ಬಂದದ್ದೇ ಇಲ್ಲ ಎಂಬಷ್ಟು ಶಾಂತವಾಗಿರುತ್ತದೆ ನೆಲ. ಮೋಡ ತೂರಿ ನೋಡಬಲ್ಲ ಸೆಂಟಿನೆಲ್-1 ರೇಡಾರ್ 2014ರಿಂದ ಹಾರುತ್ತಿದೆ. ನೆರೆಯ ಸುತ್ತು ಕಟ್ಟುವವರು ಅದನ್ನೇ ಹಿಡಿಯಬೇಕು.

ಕೊನೆ ಮುಟ್ಟಿದ ಮೇಲೆ ಮೊದಲಿಗೆ ಮರಳುವುದು ಯಾವಾಗ ನ್ಯಾಯ ಎಂದು ಕೋಡ್ ಕೇಳುವುದಿಲ್ಲ, ಬರೆಯುವವರು ಕೇಳಿಕೊಳ್ಳಬೇಕು. ಋತುವಿಗೆ ಸುತ್ತು ಒಪ್ಪುತ್ತದೆ. ಡಿಸೆಂಬರ್ ಕಾಡು, ಜನವರಿ ಕಾಡು ಹೊಂದಿಕೊಂಡೇ ಇರುತ್ತವೆ. ಸುಣ್ಣಕಲ್ಲಿನ ಗಣಿಗೆ ಒಪ್ಪುವುದಿಲ್ಲ. ವಾಡಿ, ಶಹಾಬಾದ್, ಸೇಡಂ, ಮಳಖೇಡದ ಸುತ್ತ ಸಿಮೆಂಟಿಗೂ ಹಾಸುಗಲ್ಲಿಗೂ ನೆಲ ತೆಗೆಯುತ್ತ ಬಂದದ್ದು 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-5 ಮತ್ತು ಅದರ ನಂತರದವುಗಳ ಚಿತ್ರಗಳಲ್ಲಿ ಬೆಳ್ಳಗೆ ಅಚ್ಚೊತ್ತಿದೆ. ವರ್ಷಕ್ಕೊಂದು ಜನವರಿ ಚಿತ್ರ ಇಟ್ಟು ಓಡಿಸಿ ಸೊನ್ನೆಗೆ ಮರಳಿಸಿದರೆ, ಗಣಿ ತೋಡಿದಷ್ಟೂ ಮತ್ತೆ ತುಂಬಿಕೊಂಡ ಹಾಗೆ, ಏನೂ ಕಳೆದುಹೋಗಿಲ್ಲ ಎಂಬ ಹಾಗೆ ಕಾಣುತ್ತದೆ. ಹಿಂದೆ ಸರಿಯದ ಬದಲಾವಣೆಗೆ ಕೊನೆಯ ಚಿತ್ರದ ಮೇಲೆ ಮೂರ್ನಾಲ್ಕು ಸೆಕೆಂಡು ನಿಲ್ಲಬೇಕು, ಬಳಿಕ ಪರದೆ ಕಪ್ಪಾಗಿ ಹೊಸದಾಗಿ ಶುರುವಾಗಬೇಕು. ನೋಡುಗರು ಒತ್ತಿದರೆ ಮಾತ್ರ ಮತ್ತೆ ಓಡಲಿ ಎಂದರೆ ಇನ್ನೂ ಒಳ್ಳೆಯದು.

ಎರಡೇ ಚಿತ್ರದ ಸುತ್ತಿಗೆ ಬೇರೆಯದೇ ಬಲವಿದೆ. 1930ರ ಜನವರಿ 23 ಮತ್ತು 29ರಂದು ತೆಗೆದ ಎರಡು ಆಕಾಶಚಿತ್ರಗಳನ್ನು ಖಗೋಳವಿಜ್ಞಾನಿ ಕ್ಲೈಡ್ ಟಾಂಬಾ ಒಂದಾದ ಮೇಲೊಂದು ಮಿನುಗಿಸಿ ನೋಡುತ್ತಿದ್ದಾಗ ಒಂದು ಚುಕ್ಕಿ ಮಾತ್ರ ಜಾಗ ಬದಲಿಸಿತು. ಫೆಬ್ರುವರಿ 18ರಂದು ಪ್ಲೂಟೊ ಸಿಕ್ಕಿದ್ದು ಹಾಗೆ. ಕಾಡಿನ ಕ್ಯಾಮೆರಾ ಟ್ರ್ಯಾಪ್‌ಗಳಿಗೂ ಇದೇ ತಂತ್ರ ಸಲ್ಲುತ್ತದೆ. ಪ್ರಾಣಿ ಮುಂದೆ ಹಾದಾಗ ಅವು ಮೂರು ಚಿತ್ರ ಬಿಡದೆ ತೆಗೆಯುವಂತೆ ಹೊಂದಿಸಬಹುದು. ಬಿಡಿಯಾಗಿ ನೋಡಿದರೆ ಪೊದೆಯಷ್ಟೇ. ಮೂರನ್ನೂ ಸುತ್ತಿಸಿದರೆ ಪೊದೆಯೊಳಗಿನ ಕಿವಿ ಅಲುಗುತ್ತದೆ. ಕರ್ನಾಟಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿ ಎಣಿಕೆಗೆ ಈ ಕ್ಯಾಮೆರಾಗಳನ್ನು 1990ರ ದಶಕದಲ್ಲೇ ಬಳಸಿದರು. 2018ರ ದೇಶವ್ಯಾಪಿ ಹುಲಿ ಗಣತಿಯಲ್ಲಿ 26,838 ಜಾಗಗಳಿಂದ ಸುಮಾರು 3.49 ಕೋಟಿ ಚಿತ್ರಗಳು ಬಂದವು. ಈ ಸೀಮೆಯ 134.88 ಚದರ ಕಿಲೋಮೀಟರ್ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವಾಯಿತು. ಇಲ್ಲಿಯ ತೋಳ, ಕತ್ತೆಕಿರುಬ, ಕೊಂಡುಕುರಿ ಎಲ್ಲವೂ ಒಣಹುಲ್ಲಿನ, ಮಣ್ಣಿನ ಬಣ್ಣದವು. ಇಂಥ ಕಡೆ ಸುತ್ತು ಹಾಕಿ ನೋಡುವುದು ಕಣ್ಣಿಗೆ ದೊಡ್ಡ ಆಸರೆ. ಎಚ್ಚರ ಇಷ್ಟೇ: ಬ್ಯಾಟರಿ ಬದಲಿಸಿದಾಗ ಕೆಲವು ಕ್ಯಾಮೆರಾಗಳ ಗಡಿಯಾರ ಹಳೆಯ ಜನವರಿ 1ಕ್ಕೆ ಹಾರುತ್ತದೆ. ಒಂದು ಫೋಲ್ಡರಿನಲ್ಲಿ 9999ರ ನಂತರ ಕಡತದ ಸಂಖ್ಯೆ ಹೊಸ ಫೋಲ್ಡರಿನಲ್ಲಿ ಮತ್ತೆ 1ರಿಂದ ಶುರುವಾಗುತ್ತದೆ. ಎರಡೂ ಫೋಲ್ಡರ್ ಬೆರೆಸಿದರೆ ಹೊಸ ಚಿತ್ರ ಹಳೆಯದರ ಮೇಲೆ ಬರೆದುಕೊಂಡು ದಾಖಲೆಯೇ ಹೋಗಬಹುದು.

ವೇಗದ ಬಗ್ಗೆ ಒಂದೇ ಮಾತು. ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿ ಬಿಡಿ ಚಿತ್ರಗಳು ಚಲನೆಯಾಗಿ ಬೆಸೆಯುತ್ತವೆ; ಮೋಡಕ್ಕೆ ಅದು ಸರಿ, ತಿಂಗಳ ಚಿತ್ರಗಳಿಗೆ ಸೆಕೆಂಡಿಗೆ ಎರಡೇ ಸಾಕು. ಬೆಳಕು-ಕತ್ತಲೆಯಾಗಿ ಮಿಂಚುವುದು ಸೆಕೆಂಡಿಗೆ ಮೂರನ್ನು ಮೀರಬಾರದು ಎಂಬುದು ಅಂತರಜಾಲ ಪುಟಗಳಿಗೆ ಜಗತ್ತು ಒಪ್ಪಿದ ನಿಯಮ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಕಾರ್ಟೂನ್ ಒಂದರ ಮಿಂಚು ದೃಶ್ಯ ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ತರಗತಿಯ ಸುತ್ತಿಗೆ ನಿಲ್ಲಿಸುವ ಗುಂಡಿ ಇರಲೇಬೇಕು.

ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ಮಕ್ಕಳಲ್ಲಿ, ಅವರ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಪ್ರಾಜೆಕ್ಟ್‌ಗೆಂದು ಎಲ್ಲಿಯದೋ ಹೂವು, ಕಾರಿನ ಚಿತ್ರಗಳನ್ನು ಸುತ್ತಿಸುವ ಬದಲು ನಿಮ್ಮೂರ ಕೆರೆ, ಕಾಡು, ಗಣಿಯ ಚಿತ್ರಗಳನ್ನು ಇಳಿಸಿಕೊಳ್ಳಿ. ಪ್ರತಿ ಚಿತ್ರದ ಕೆಳಗೆ ದಿನಾಂಕವನ್ನೂ ಉಪಗ್ರಹದ ಹೆಸರನ್ನೂ ಕನ್ನಡದಲ್ಲಿ ಬರೆಯಿರಿ, ಚಿತ್ರ ಸಿಗದ ತಿಂಗಳಲ್ಲಿ ‘ಮೋಡ, ಚಿತ್ರವಿಲ್ಲ’ ಎಂಬ ಖಾಲಿ ಹಾಳೆಯನ್ನೇ ತೋರಿಸಿ, ಮೂಲ ಕಡತಗಳನ್ನು ಅಳಿಸದೆ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟು ಹೋಗಿ. ಮುಂದಿನ ವರ್ಷದವರು ಅದಕ್ಕೆ ಇನ್ನೂ ಹನ್ನೆರಡು ಚಿತ್ರ ಸೇರಿಸಲಿ.